ಎಟಿಸಿ ಆಗಬೇಕೆ? ಕೊನೆಯ ಪರೀಕ್ಷೆಯಿಂದ ಶುರು ಮಾಡಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಪದವೀಧರರಿಗೆ ಹಂತಹಂತದ ಮಾರ್ಗದರ್ಶಿ

ಸಿಂಧನೂರಿನ ಹುಡುಗನೊಬ್ಬ ರಾತ್ರಿ ಒಂಬತ್ತರ ಹೊತ್ತಿಗೆ ಫೋನ್ ಮಾಡಿದ್ದ. "ಸರ್, ಪರೀಕ್ಷೆ ಪಾಸಾಗಿದ್ದೆ, ವಾಯ್ಸ್ ಟೆಸ್ಟೂ ಆಗಿತ್ತು. ಮೆಡಿಕಲ್‌ದಾಗ ಚುಕ್ಕಿ ಚುಕ್ಕಿ ಪುಸ್ತಕ ತೋರಿಸಿದ್ರು, ಅದರಾಗಿನ ನಂಬರ್ ಕಾಣಲಿಲ್ರಿ" ಅಂದ. ಎರಡು ವರ್ಷ ಅದೊಂದೇ ಹುದ್ದೆಗೆ ಓದಿದ ಹುಡುಗ. ತನಗೆ ಬಣ್ಣ ಗುರುತಿಸುವ ದೋಷ ಇದೆ ಎಂದು ಗೊತ್ತಾಗಿದ್ದು ಕಟ್ಟಕಡೆಯ ಬಾಗಿಲಲ್ಲಿ. ಆ ಪರೀಕ್ಷೆಯನ್ನು ಊರ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಐದು ನಿಮಿಷದಲ್ಲಿ ಮುಗಿಸಬಹುದಿತ್ತು.

ನಾನು ಬಳ್ಳಾರಿಯಲ್ಲಿ ಪದವಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಏರ್ ಟ್ರಾಫಿಕ್ ಕಂಟ್ರೋಲರ್ (ಎಟಿಸಿ), ಅಂದರೆ ವಿಮಾನಗಳ ಓಡಾಟವನ್ನು ರೇಡಿಯೊ ಮೂಲಕ ನಿಯಂತ್ರಿಸುವವರ ಹುದ್ದೆಗೆ ಅರ್ಜಿ ಹಾಕುವ ನಮ್ಮ ಕಡೆಯ ಮಕ್ಕಳನ್ನು ಕೆಲವು ವರ್ಷಗಳಿಂದ ಹತ್ತಿರದಿಂದ ನೋಡುತ್ತಿದ್ದೇನೆ. ಬುದ್ಧಿ ಸಾಲದೆ ಹಿಂದೆ ಬಿದ್ದವರು ಕಡಿಮೆ. ಕ್ರಮ ತಪ್ಪಿ ಬಿದ್ದವರೇ ಹೆಚ್ಚು. ನೇಮಕಾತಿಯಲ್ಲಿ ಮೊದಲು ಲಿಖಿತ ಪರೀಕ್ಷೆ, ಆಮೇಲೆ ದಾಖಲೆ, ಧ್ವನಿ, ಮೆಡಿಕಲ್ ಬರುತ್ತವೆ. ನಮ್ಮ ತಯಾರಿ ಇದಕ್ಕೆ ತಿರುವುಮುರುವಾಗಿರಬೇಕು: ಮೊದಲು ದೇಹ, ನಂತರ ಕಾಗದ, ನಂತರ ಓದು. ಈ ಬರಹವೂ ಅದೇ ಕ್ರಮದಲ್ಲಿದೆ.

ಹಂತ 1: ಪುಸ್ತಕ ಕೊಳ್ಳುವ ಮೊದಲು ಕಣ್ಣು, ಕಿವಿ ತೋರಿಸಿ

ಕಂಟ್ರೋಲರ್‌ಗಳಿಗೆ ಬೇಕಾದದ್ದು ಮೂರನೇ ದರ್ಜೆಯ ವೈದ್ಯಕೀಯ ಅರ್ಹತೆ, ಅಂದರೆ ಕ್ಲಾಸ್ 3 ಮೆಡಿಕಲ್. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇದರ ಅಳತೆಗಳನ್ನು ಗೊತ್ತುಮಾಡಿದೆ. ದೂರದೃಷ್ಟಿ ಒಂದೊಂದು ಕಣ್ಣಿಗೂ 6/9 ಇರಬೇಕು, ಎರಡೂ ಸೇರಿ 6/6 ಇರಬೇಕು. ಕನ್ನಡಕ ಹಾಕಿಕೊಂಡು ಈ ಅಳತೆ ಬಂದರೂ ಸಾಕು. ಹಾಗಾಗಿ ಕನ್ನಡಕ ಇದೆ ಎಂಬ ಒಂದೇ ಕಾರಣಕ್ಕೆ ಆಸೆ ಬಿಡಬೇಡಿ. ಪ್ರತಿ ಬ್ಯಾಚಿನಲ್ಲೂ ಒಬ್ಬಿಬ್ಬರು ಹೀಗೆ ಸುಮ್ಮಸುಮ್ಮನೆ ಹಿಂದೆ ಸರಿಯುತ್ತಾರೆ.

ಬಣ್ಣದ ವಿಷಯದಲ್ಲಿ ಮಾತ್ರ ಕನ್ನಡಕ ಕೈ ಹಿಡಿಯುವುದಿಲ್ಲ. ಇಶಿಹಾರಾ ಎಂಬ ಚುಕ್ಕೆಗಳ ಪುಸ್ತಕ ಮುಂದಿಟ್ಟು, ಚುಕ್ಕೆಗಳ ನಡುವೆ ಅಡಗಿದ ಅಂಕಿ ಓದಿಸುತ್ತಾರೆ. ಕೆಂಪು, ಹಸಿರು ಕಲೆಸಿ ಕಾಣುವವರಿಗೆ ಅಂಕಿ ಸಿಗುವುದಿಲ್ಲ. ಈ ದೋಷ ಹುಟ್ಟಿನಿಂದ ಬರುವಂಥದ್ದು, ಗಂಡುಮಕ್ಕಳಲ್ಲಿ ಹೆಚ್ಚು. ಬಹಳ ಜನರಿಗೆ ತಮಗೆ ಇದೆ ಎಂಬುದೇ ಗೊತ್ತಿರುವುದಿಲ್ಲ, ಯಾಕೆಂದರೆ ದಿನನಿತ್ಯದ ಕೆಲಸ ಯಾವುದೂ ನಿಲ್ಲುವುದಿಲ್ಲ. ಆದರೆ ವಿಮಾನದ ರೇಡಿಯೊ ಕೆಟ್ಟರೆ ಕಂಟ್ರೋಲರ್ ಕೂರುವ ನಿಲ್ದಾಣದ ಟವರ್‌ನಿಂದ ದೀಪದ ಸನ್ನೆ ಕೊಡಬೇಕಾಗುತ್ತದೆ. ಹಾರುತ್ತಿರುವ ವಿಮಾನಕ್ಕೆ ನಿಂತ ಹಸಿರು ದೀಪ ತೋರಿಸಿದರೆ 'ಇಳಿಯಬಹುದು' ಎಂದರ್ಥ. ಮಿನುಗುವ ಕೆಂಪು ತೋರಿಸಿದರೆ 'ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ'. ಇಲ್ಲಿ ಬಣ್ಣ ತಪ್ಪಿದರೆ ಗತಿ ಏನು ಎಂದು ಬಿಡಿಸಿ ಹೇಳಬೇಕಿಲ್ಲ.

ಕಿವಿಗೆ ಆಡಿಯೋಮೆಟ್ರಿ ಮಾಡುತ್ತಾರೆ. 500, 1000, 2000 ಹರ್ಟ್ಸ್‌ನಲ್ಲಿ ಶ್ರವಣ ನಷ್ಟ 35 ಡೆಸಿಬೆಲ್ ದಾಟಬಾರದು, 3000 ಹರ್ಟ್ಸ್‌ನಲ್ಲಿ 50 ದಾಟಬಾರದು. ಗಿಣಿಗೇರಾ ಸುತ್ತಿನ ಕಾರ್ಖಾನೆಗಳಲ್ಲಿ, ಸಂಡೂರಿನ ಗಣಿಗಳಲ್ಲಿ, ಮಷಿನ್ ಸದ್ದಿನ ನಡುವೆ ಒಂದೆರಡು ವರ್ಷ ದುಡಿದವರು ಇದನ್ನು ತಪ್ಪದೆ ಮಾಡಿಸಿಕೊಳ್ಳಿ. ದಿನಕ್ಕೆ ಆರು ತಾಸು ಇಯರ್‌ಫೋನ್ ತುರುಕಿಕೊಳ್ಳುವವರಿಗೂ ಇದೇ ಮಾತು.

ಎಲ್ಲಿ ಮಾಡಿಸುವುದು? ಬಳ್ಳಾರಿಯಲ್ಲಿ ನಾವೆಲ್ಲ ಈಗಲೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಕಣ್ಣಿನ ವಿಭಾಗದಲ್ಲಿ "ದೃಷ್ಟಿ ಮತ್ತು ಕಲರ್ ವಿಷನ್ ಎರಡೂ ನೋಡಿ" ಎಂದು ಬಾಯಿಬಿಟ್ಟು ಹೇಳಿ. ಕೇಳದಿದ್ದರೆ ಕನ್ನಡಕದ ನಂಬರ್ ಮಾತ್ರ ಬರೆದು ಕಳಿಸುತ್ತಾರೆ. ಇದು ಅಧಿಕೃತ ಮೆಡಿಕಲ್ ಅಲ್ಲ, ನಿಮ್ಮ ತಿಳಿವಳಿಕೆಗೆ ಅಷ್ಟೆ. ಮೊಬೈಲ್ ತೆರೆಯಲ್ಲಿ ಇಶಿಹಾರಾ ನೋಡಿ ತೀರ್ಮಾನಕ್ಕೆ ಬರಬೇಡಿ. ತೆರೆಯ ಬಣ್ಣ ಒಂದೊಂದು ಫೋನಿನಲ್ಲಿ ಒಂದೊಂದು ಥರ ಇರುತ್ತದೆ.

ಬಣ್ಣದ ಪರೀಕ್ಷೆಯಲ್ಲಿ ಸೋತರೆ ಬೇಸರವಾಗುತ್ತದೆ, ನಿಜ. ಆದರೆ ಆ ಸೋಲು ಇಪ್ಪತ್ತೊಂದನೇ ವಯಸ್ಸಿನಲ್ಲಿ ತಿಳಿದರೆ ಬೇರೆ ದಾರಿಗೆ ಕಾಲ ಉಳಿದಿರುತ್ತದೆ. ಇಪ್ಪತ್ತಾರಕ್ಕೆ ತಿಳಿದರೆ ಉಳಿದಿರುವುದಿಲ್ಲ.

ಹಂತ 2: ಅಂಕಪಟ್ಟಿಗಳನ್ನು ಹರಡಿಕೊಂಡು ಎರಡು ಹೆಸರು ಹುಡುಕಿ

ಭೌತಶಾಸ್ತ್ರ, ಗಣಿತ. ಈ ಎರಡು ಹೆಸರು ನಿಮ್ಮ ಪದವಿಯ ಅಂಕಪಟ್ಟಿಯಲ್ಲಿ ಇರಲೇಬೇಕು.

ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ (ಎಎಐ) ಜೂನಿಯರ್ ಎಕ್ಸಿಕ್ಯೂಟಿವ್ (ಎಟಿಸಿ) ಹುದ್ದೆಗೆ ಕೇಳುವ ವಿದ್ಯಾರ್ಹತೆ ಇದು: ಪೂರ್ಣಾವಧಿಯ ರೆಗ್ಯುಲರ್ ಮೂರು ವರ್ಷದ ಬಿ.ಎಸ್ಸಿ., ಅದರಲ್ಲಿ ಭೌತಶಾಸ್ತ್ರ ಮತ್ತು ಗಣಿತ ಎರಡೂ ಇರಬೇಕು. ಇಲ್ಲವೇ ಯಾವುದೇ ಶಾಖೆಯ ಪೂರ್ಣಾವಧಿ ಎಂಜಿನಿಯರಿಂಗ್ ಪದವಿ, ಅದರ ಯಾವುದಾದರೊಂದು ಸೆಮಿಸ್ಟರ್‌ನಲ್ಲಿ ಈ ಎರಡು ವಿಷಯ ಇರಬೇಕು. ಜೊತೆಗೆ ಹತ್ತನೇ ಅಥವಾ ಹನ್ನೆರಡನೇ ತರಗತಿಯಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಪಾಸಾಗಿರಬೇಕು.

ಇದನ್ನು ನಮ್ಮ ಕಾಲೇಜುಗಳ ಕಾಂಬಿನೇಷನ್‌ಗೆ ಹೊಂದಿಸಿ ನೋಡಿ. ಪಿಸಿಎಂ ಓದಿದವರಿಗೆ ಚಿಂತೆ ಇಲ್ಲ. ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಓದಿದವರಿಗೂ ಇಲ್ಲ. ಸಿಬಿಝಡ್ ಓದಿದವರು ಪಿಯುಸಿಯಲ್ಲಿ ಎಷ್ಟೇ ಚೆನ್ನಾಗಿ ಗಣಿತ ಮಾಡಿದ್ದರೂ ಬರುವುದಿಲ್ಲ. ಬಿಸಿಎ ಕೂಡ ಬರುವುದಿಲ್ಲ. ಎಲೆಕ್ಟ್ರಾನಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್ ಓದಿದವರು "ಎಲೆಕ್ಟ್ರಾನಿಕ್ಸ್ ಅಂದ್ರೆ ಫಿಸಿಕ್ಸೇ ಅಲ್ವಾ ಸರ್" ಎನ್ನುತ್ತಾರೆ. ದಾಖಲೆ ನೋಡುವ ಅಧಿಕಾರಿ ಅಂಕಪಟ್ಟಿಯಲ್ಲಿ ಇರುವ ಹೆಸರನ್ನು ನೋಡುತ್ತಾನೆ, ನಮ್ಮ ವಾದವನ್ನಲ್ಲ.

ಬಿ.ಇ. ಮಾಡಿದವರಿಗೆ ಮೊದಲ ವರ್ಷದಲ್ಲೇ ಎರಡೂ ವಿಷಯ ಬಂದುಹೋಗಿರುತ್ತವೆ. ಸಮಸ್ಯೆ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿದವರದ್ದು. ನಮ್ಮ ಮೂರೂ ಜಿಲ್ಲೆಗಳಲ್ಲಿ ಪಾಲಿಟೆಕ್ನಿಕ್‌ನಿಂದ ಹೋದ ಮಕ್ಕಳು ಬಹಳ. ಅವರ ಪದವಿಯ ಅಂಕಪಟ್ಟಿಯಲ್ಲಿ ಗಣಿತ ಸಿಗುತ್ತದೆ, ಭೌತಶಾಸ್ತ್ರ ಅನೇಕ ಸಲ ಸಿಗುವುದಿಲ್ಲ. ಕೊಪ್ಪಳದ ಹುಡುಗಿಯೊಬ್ಬಳು ಒಳ್ಳೆಯ ಅಂಕ ಪಡೆದೂ ಇಲ್ಲೇ ನಿಂತಳು. ನೀವು ಲ್ಯಾಟರಲ್ ಎಂಟ್ರಿಯವರಾಗಿದ್ದರೆ ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಪಠ್ಯಕ್ರಮ ಎರಡನ್ನೂ ಇಟ್ಟುಕೊಂಡು ಈಗಲೇ ನೋಡಿ. ಭೌತಶಾಸ್ತ್ರ ಎಲ್ಲೂ ಇಲ್ಲದಿದ್ದರೆ ಈ ಹುದ್ದೆಯ ಮೇಲೆ ವರ್ಷಗಳನ್ನು ಹೂಡಬೇಡಿ.

ವಯಸ್ಸು: ಗರಿಷ್ಠ 27. ಕೇಂದ್ರದ ಪಟ್ಟಿಯ ಹಿಂದುಳಿದ ವರ್ಗದವರಿಗೆ 3 ವರ್ಷ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5 ವರ್ಷ ಸಡಿಲಿಕೆ. ಲೆಕ್ಕ ಹಾಕುವುದು ಅರ್ಜಿಯ ಕೊನೆಯ ದಿನಕ್ಕೆ.

ಹಂತ 3: ಕಾಗದದ ಕೆಲಸ, ನೋಟಿಫಿಕೇಶನ್ ಬರುವ ಮೊದಲೇ

ನಮ್ಮ ಭಾಗದವರು ಅತಿ ಹೆಚ್ಚು ಎಡವುವುದು ಇಲ್ಲಿ. ಅದಕ್ಕೆ ಈ ಹಂತವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲನೆಯದು 371 ಜೆ. ಕಲ್ಯಾಣ ಕರ್ನಾಟಕದ ಈ ಪ್ರಮಾಣಪತ್ರ ರಾಜ್ಯ ಸರ್ಕಾರದ ನೌಕರಿಗೆ, ಇಲ್ಲಿನ ಕಾಲೇಜು ಸೀಟಿಗೆ ಬರುತ್ತದೆ. ವಿಮಾನ ನಿಲ್ದಾಣ ಪ್ರಾಧಿಕಾರ ಕೇಂದ್ರದ ಸಂಸ್ಥೆ. ಅಲ್ಲಿ 371 ಜೆ ಎಂಬ ಕಾಲಮ್ಮೇ ಇಲ್ಲ. ಅದನ್ನು ನೆಚ್ಚಿಕೊಂಡು ಕಟ್‌ಆಫ್ ಲೆಕ್ಕ ಹಾಕುವವರನ್ನು ಪ್ರತಿ ಸಲ ನೋಡುತ್ತೇನೆ, ಮನಸ್ಸಿಗೆ ನೋವಾಗುತ್ತದೆ.

ಎರಡನೆಯದು ಹಿಂದುಳಿದ ವರ್ಗ. ನಮ್ಮಲ್ಲಿ ಪ್ರವರ್ಗ 1, 2ಎ, 3ಎ, 3ಬಿ ಎಂದು ಮಾತಾಡುತ್ತೇವೆ. ಇವು ರಾಜ್ಯದ ವಿಂಗಡಣೆಗಳು. ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ ಮೀಸಲಾತಿ ಇರುವ ಎಲ್ಲ ಸಮುದಾಯಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಕೆಲವು ಸಮುದಾಯಗಳ ಉಪಪಂಗಡ ಇದೆ, ಮುಖ್ಯ ಹೆಸರು ಇಲ್ಲ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆಗೆದು ನಿಮ್ಮ ಶಾಲಾ ದಾಖಲೆಯಲ್ಲಿರುವ ಜಾತಿಯ ಹೆಸರು ಅಕ್ಷರಶಃ ಇದೆಯೇ ನೋಡಿ. ಇದ್ದರೆ ತಹಶೀಲ್ದಾರರಿಂದ ಕೇಂದ್ರ ಸರ್ಕಾರದ ನಮೂನೆಯಲ್ಲೇ ಕೆನೆಪದರಕ್ಕೆ ಸೇರದ ಒಬಿಸಿ ಪ್ರಮಾಣಪತ್ರ ಮಾಡಿಸಿ. ನಾಡಕಚೇರಿಯ ಕೌಂಟರಿನಲ್ಲಿ ಸುಮ್ಮನೆ "ಕ್ಯಾಸ್ಟ್ ಇನ್‌ಕಮ್" ಎಂದರೆ ರಾಜ್ಯದ ನಮೂನೆ ಕೈಗೆ ಬರುತ್ತದೆ. "ಕೇಂದ್ರದ ಉದ್ಯೋಗಕ್ಕೆ" ಎಂದು ಹೇಳಿ, ಪತ್ರ ಕೈಗೆ ಬಂದ ಕೂಡಲೇ ನಿಂತಲ್ಲೇ ಓದಿ.

ಮೂರನೆಯದು ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ದುರ್ಬಲರ ವರ್ಗ. ಯಾವ ಮೀಸಲಾತಿಗೂ ಸೇರದವರು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇದ್ದವರು ಇದಕ್ಕೆ ಅರ್ಹರು ಎಂದು ಎಲ್ಲರಿಗೂ ಗೊತ್ತು. ಐದು ಎಕರೆ ಅಥವಾ ಅದಕ್ಕಿಂತ ಹೆಚ್ಚು ಕೃಷಿಭೂಮಿ ಕುಟುಂಬಕ್ಕಿದ್ದರೆ ಅರ್ಹತೆ ಇಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಲಿಂಗಸೂಗೂರು, ಕುಷ್ಟಗಿ ಕಡೆ ಎಂಟು ಎಕರೆ ಒಣಬೇಸಾಯದವರ ಕೈಯಲ್ಲಿ ಕಾಸಿರುವುದಿಲ್ಲ, ಪಹಣಿಯಲ್ಲಿ ಎಕರೆ ಇರುತ್ತದೆ. ನ್ಯಾಯವೋ ಅಲ್ಲವೋ, ನಿಯಮ ಹಾಗಿದೆ. ತಾತನ ಹೆಸರಿನಲ್ಲಿರುವ, ಪಾಲಾಗದ ಹೊಲದ ವಿಷಯವನ್ನು ತಹಶೀಲ್ದಾರ್ ಕಚೇರಿಯಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ.

ನಾಲ್ಕನೆಯದು ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಪದವಿ ಅಂಕಪಟ್ಟಿಯಲ್ಲಿ ಊರಿನ ಹೆಸರು ಸೇರಿದ ಮೂರನೇ ರೂಪ. ನಮ್ಮಲ್ಲಿ ಇದು ಮನೆಮನೆಯ ಕಥೆ. ಎಲ್ಲಕ್ಕೂ ಎಸ್ಸೆಸ್ಸೆಲ್ಸಿ ಕಾರ್ಡನ್ನೇ ಮೂಲ ಎಂದು ಹಿಡಿಯಿರಿ. ಆಧಾರ್ ಅದಕ್ಕೆ ಹೊಂದುವಂತೆ ತಿದ್ದಿಸಿ, ಅರ್ಜಿಯಲ್ಲೂ ಅದೇ ರೂಪ ಬರೆಯಿರಿ. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುತ್ತದೆ, ಅರ್ಜಿಯ ಕಿಟಕಿ ತೆರೆದಿರುವುದು ಸುಮಾರು ಒಂದೇ ತಿಂಗಳು.

ಹಂತ 4: ಬಾಗಿಲು ಯಾವುದು ಎಂದು ಖಚಿತ ಮಾಡಿಕೊಳ್ಳಿ

ನಾಗರಿಕ ವಿಮಾನಯಾನದಲ್ಲಿ ಎಟಿಸಿ ಆಗಲು ಪದವೀಧರರಿಗೆ ಇರುವ ಹೆದ್ದಾರಿ ವಿಮಾನ ನಿಲ್ದಾಣ ಪ್ರಾಧಿಕಾರದ ನೇರ ನೇಮಕಾತಿ. ವಾಯುಪಡೆಗೆ ತನ್ನದೇ ಕಂಟ್ರೋಲರ್‌ಗಳಿದ್ದಾರೆ, ಅದಕ್ಕೆ ಎಎಫ್‌ಕ್ಯಾಟ್ ಪರೀಕ್ಷೆ ಬರೆಯಬೇಕು.

ದುಡ್ಡು ಕಟ್ಟಿಸಿಕೊಂಡು "ಎಟಿಸಿ ಕೋರ್ಸ್" ಮಾಡಿಸಿ ಟವರ್‌ನಲ್ಲಿ ಕೂರಿಸುತ್ತೇವೆ ಎನ್ನುವವರನ್ನು ನಂಬಬೇಡಿ. ನನ್ನ ತಮ್ಮನ ಮಗ ಇಂಥದೊಂದು ಕಡೆ ಒಂದು ವರ್ಷ ಕೂತ. ಸಮವಸ್ತ್ರ, ಟೈ, ಇಂಗ್ಲಿಷ್ ಕ್ಲಾಸು, ಕೊನೆಗೆ ಒಂದು ಚಂದದ ಸರ್ಟಿಫಿಕೇಟು. ನೇಮಕಾತಿಯಲ್ಲಿ ಆ ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ, ಕೇಳುವ ಜಾಗವೂ ಅರ್ಜಿಯಲ್ಲಿ ಇರಲಿಲ್ಲ. ಆಯ್ಕೆಯಾದ ಮೇಲೆ ಪ್ರಾಧಿಕಾರವೇ ತರಬೇತಿ ಕೊಡುತ್ತದೆ. ಲಿಖಿತ ಪರೀಕ್ಷೆಗೆ ಕೋಚಿಂಗ್ ಬೇಕೆನಿಸಿದರೆ ಹೋಗಿ, ಅದು ಬೇರೆ ಮಾತು. ಗ್ರೌಂಡ್ ಸ್ಟಾಫ್, ಕ್ಯಾಬಿನ್ ಕ್ರೂ, ಎಟಿಸಿ ಮೂರನ್ನೂ ಒಂದೇ ಫಲಕದಲ್ಲಿ ಬರೆದಿದ್ದರೆ ಅದೇ ಮೊದಲ ಅಪಾಯದ ಸೂಚನೆ. "ಒಳಗಿನವರು ಗೊತ್ತು" ಎಂದರೆ ಎರಡನೆಯದು. ನೋಟಿಫಿಕೇಶನ್ ಇಲ್ಲದೆಯೇ ಇಂಟರ್ವ್ಯೂ ಪತ್ರ ಬಂದರೆ ಮಾತಾಡದೆ ಪೊಲೀಸರಿಗೆ ತಿಳಿಸಿ.

ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಲ್ಲೇ ಕೆಲಸ ಸಿಗಬಹುದೇ ಎಂದು ಕೇಳುವವರು ಅನೇಕರು. ಅದು ಜಿಂದಾಲ್ ಉಕ್ಕಿನ ಕಾರ್ಖಾನೆಯ ಖಾಸಗಿ ನಿಲ್ದಾಣ. ಪ್ರಾಧಿಕಾರದ ನೌಕರಿ ಅಖಿಲ ಭಾರತ ಮಟ್ಟದ್ದು, ಎಲ್ಲಿಗೆ ಹಾಕಿದರೂ ಹೋಗಬೇಕು. ಊರ ಹತ್ತಿರವೇ ಇರಬೇಕು ಎನ್ನುವವರು ಇದನ್ನು ಮನೆಯಲ್ಲಿ ಈಗಲೇ ಮಾತಾಡಿ. ವಿಶೇಷವಾಗಿ ಹೆಣ್ಣುಮಕ್ಕಳ ತಂದೆತಾಯಿಗೆ ರಾತ್ರಿ ಪಾಳಿ, ದೂರದ ಊರು ಎರಡನ್ನೂ ಮೊದಲೇ ಬಿಡಿಸಿ ಹೇಳಿ. ಆಯ್ಕೆಯಾದ ಮೇಲೆ ಮನೆಯವರು ಕಳಿಸದೆ ಉಳಿದ ಹುಡುಗಿಯನ್ನು ಕಂಡಿದ್ದೇನೆ. ಆ ಸೀಟು ಅವಳ ದುಡಿಮೆಯದು.

ಹಂತ 5: ಅರ್ಜಿ

ಇದು ಪ್ರತಿ ವರ್ಷ ತಪ್ಪದೆ ಬರುವ ಪರೀಕ್ಷೆ ಅಲ್ಲ. 2022ರಲ್ಲಿ 400, 2023ರಲ್ಲಿ 496, 2025ರಲ್ಲಿ 309 ಹುದ್ದೆಗಳಿಗೆ ಕರೆದಿದ್ದರು. 2023ರಲ್ಲಿ ಅರ್ಜಿ ಮುಗಿದದ್ದು ನವೆಂಬರ್ 30ಕ್ಕೆ, ಪರೀಕ್ಷೆ ನಡೆದದ್ದು ಡಿಸೆಂಬರ್ 27ಕ್ಕೆ. 2025ರಲ್ಲಿ ಮೇ 24ಕ್ಕೆ ಅರ್ಜಿ ಮುಗಿದು ಜುಲೈ 14ಕ್ಕೆ ಪರೀಕ್ಷೆ. ಕರೆ ಬಂದ ಮೇಲೆ ಓದು ಶುರು ಮಾಡುತ್ತೇನೆ ಎನ್ನುವವರಿಗೆ ಕಾಲ ಎಲ್ಲಿದೆ, ನೀವೇ ಲೆಕ್ಕ ಹಾಕಿ.

ಪ್ರಾಧಿಕಾರದ ಜಾಲತಾಣ ಎಎಐ ಡಾಟ್ ಏರೋ. ಅದರ ಕೆರಿಯರ್ಸ್ ಪುಟವನ್ನು ವಾರಕ್ಕೊಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಈಚಿನ ನೇಮಕಾತಿಗಳಲ್ಲಿ ಅರ್ಜಿ ಶುಲ್ಕ 1000 ರೂಪಾಯಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಶುಲ್ಕ ಇಲ್ಲ. ಸೈಬರ್ ಸೆಂಟರಿನವರ ಇಮೇಲ್ ಐಡಿ, ಅವರ ಮೊಬೈಲ್ ನಂಬರ್ ಕೊಡಬೇಡಿ. ಹಾಲ್ ಟಿಕೆಟ್, ದಾಖಲೆ ಪರಿಶೀಲನೆ, ಧ್ವನಿ ಪರೀಕ್ಷೆ ಎಲ್ಲದರ ಸುದ್ದಿ ಬರುವುದು ಆ ಇಮೇಲಿಗೇ. ಅರ್ಜಿಯ ಪಿಡಿಎಫ್ ಎರಡು ಕಡೆ ಉಳಿಸಿ.

ಹಂತ 6: ನೂರಿಪ್ಪತ್ತು ಪ್ರಶ್ನೆ, ನೂರಿಪ್ಪತ್ತು ನಿಮಿಷ

ಕಂಪ್ಯೂಟರ್ ಮೇಲೆ ಪರೀಕ್ಷೆ. ಒಟ್ಟು 120 ಅಂಕ. ಅರ್ಧ ಭಾಗ ಇಂಗ್ಲಿಷ್ 20, ರೀಸನಿಂಗ್ 15, ಸಂಖ್ಯಾ ಸಾಮರ್ಥ್ಯ 15, ಸಾಮಾನ್ಯ ಜ್ಞಾನ 10. ಉಳಿದ 60 ಅಂಕ ಭೌತಶಾಸ್ತ್ರ, ಗಣಿತದ್ದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ. ಇದು ಗೊತ್ತಿದ್ದೂ ಸಮಯ ಸಾಲದೆ ಹತ್ತು ಹನ್ನೆರಡು ಪ್ರಶ್ನೆ ಬಿಟ್ಟು ಬರುವವರಿದ್ದಾರೆ. ನೋಟಿಫಿಕೇಶನ್ ಬಂದಾಗ ವಿನ್ಯಾಸ ಬದಲಾಗಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳಿ.

ನಾನು ಹೇಳಿಕೊಡುವ ಸಮಯದ ಹಂಚಿಕೆ ಹೀಗಿದೆ. ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನದ 30 ಪ್ರಶ್ನೆಗೆ 15 ನಿಮಿಷ. ಅಲ್ಲಿ ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ, ಯೋಚಿಸಿ ಫಲವಿಲ್ಲ. ರೀಸನಿಂಗ್, ಲೆಕ್ಕದ 30ಕ್ಕೆ 35 ನಿಮಿಷ. ಭೌತಶಾಸ್ತ್ರ, ಗಣಿತದ 60ಕ್ಕೆ 60 ನಿಮಿಷ. ಕೊನೆಯ 10 ನಿಮಿಷ ಬಿಟ್ಟುಹೋದವುಗಳಿಗೆ. ಇದನ್ನು ಮನೆಯಲ್ಲಿ ಗಡಿಯಾರ ಇಟ್ಟು ಕನಿಷ್ಠ ಇಪ್ಪತ್ತು ಸಲ ಮಾಡಿ.

ಭೌತಶಾಸ್ತ್ರಕ್ಕೆ ಪಿಯುಸಿಯ ಎರಡೂ ವರ್ಷದ ಎನ್‌ಸಿಇಆರ್‌ಟಿ ಪುಸ್ತಕ ಬುನಾದಿ. ಬಿ.ಎಸ್ಸಿ. ನೋಟ್ಸ್ ಇಟ್ಟುಕೊಂಡು ಉದ್ದುದ್ದ ಡೆರಿವೇಷನ್ ಬಾಯಿಪಾಠ ಮಾಡುವುದು ನಮ್ಮ ಮಕ್ಕಳ ಹಳೆಯ ರೋಗ. ಇಲ್ಲಿ ಕೇಳುವುದು ಒಂದು ನಿಮಿಷದಲ್ಲಿ ಬಿಡಿಸುವ ಪ್ರಶ್ನೆ. ಚಲನೆ, ಅಲೆಗಳು, ಬೆಳಕು, ವಿದ್ಯುತ್ ಮತ್ತು ಕಾಂತತೆ, ಉಷ್ಣ, ಆಧುನಿಕ ಭೌತಶಾಸ್ತ್ರ. ಗಣಿತದಲ್ಲಿ ಕಲನಶಾಸ್ತ್ರ, ಸದಿಶಗಳು, ಮಾತೃಕೆಗಳು, ತ್ರಿಕೋನಮಿತಿ, ಅವಕಲ ಸಮೀಕರಣ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ನಿಮಗೆ ವೇಗೋತ್ಕರ್ಷ ಅರ್ಥವಾಗಿದೆ, ಅದನ್ನು ಆಕ್ಸಲರೇಷನ್ ಎಂದು ಕಂಡಾಗ ಅರೆಕ್ಷಣ ತಡೆಯುತ್ತದೆ. ಆ ಅರೆಕ್ಷಣಗಳು ಕೂಡಿ ಹತ್ತು ನಿಮಿಷವಾಗುತ್ತವೆ. ವಿಷಯ ಗೊತ್ತಿಲ್ಲವೆಂದಲ್ಲ, ಓದುವ ವೇಗ ಸಾಲದು ಅಷ್ಟೆ. ದಿನಕ್ಕೆ ಒಂದು ತಾಸು ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಿ. ಇದರಿಂದ ಮುಂದಿನ ಹಂತಕ್ಕೂ ತಯಾರಿ ಆಗುತ್ತದೆ.

ಪರೀಕ್ಷೆಯ ಹಿಂದಿನ ದಿನವೇ ಕೇಂದ್ರದ ಊರು ಸೇರಿ. ಕೊಪ್ಪಳ, ಬಳ್ಳಾರಿಯಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್, ರಾಯಚೂರಿನಿಂದ ಉದ್ಯಾನ್ ಇದೆ. ರಾತ್ರಿಯಿಡೀ ಜನರಲ್ ಡಬ್ಬಿಯಲ್ಲಿ ನಿಂತು ಬಂದು ನೇರ ಪರೀಕ್ಷೆಗೆ ಕೂತರೆ ಒಂದು ನಿಮಿಷಕ್ಕೊಂದು ಪ್ರಶ್ನೆ ಬಿಡಿಸಲಾಗುವುದಿಲ್ಲ.

ಹಂತ 7: ಧ್ವನಿ ಪರೀಕ್ಷೆ

ಇದು ಭಾಷಣ ಸ್ಪರ್ಧೆ ಅಲ್ಲ. ನಿಮ್ಮ ಇಂಗ್ಲಿಷ್ ರೇಡಿಯೊದಲ್ಲಿ ಕೇಳಿದರೆ ಅರ್ಥವಾಗುತ್ತದೆಯೇ, ತೊದಲುತ್ತೀರೇ, ಕೆಲವು ಅಕ್ಷರ ನುಂಗುತ್ತೀರೇ ಎಂದು ನೋಡುತ್ತಾರೆ. ವಿದೇಶಿ ಉಚ್ಚಾರಣೆ ಯಾರೂ ಕೇಳುವುದಿಲ್ಲ. ಅದನ್ನು ಅನುಕರಿಸಲು ಹೋಗಿ ಸ್ಪಷ್ಟತೆ ಕಳೆದುಕೊಂಡವರೇ ಸೋಲುತ್ತಾರೆ.

ನಮ್ಮ ನಾಲಿಗೆಯ ಅಭ್ಯಾಸಗಳು ನಮಗೆ ಗೊತ್ತಿರಬೇಕು. 'ಝೀರೋ' ನಮ್ಮ ಬಾಯಲ್ಲಿ 'ಜೀರೋ' ಆಗುತ್ತದೆ. 'ಇಲೆವೆನ್' ಎನ್ನುವುದು 'ಯಿಲೆವನ್ನು', 'ಓನ್ಲಿ' ಎನ್ನುವುದು 'ವೋನ್ಲಿ', 'ಫೈವ್' ಎನ್ನುವುದು 'ಪೈವು'. ಪದದ ಕೊನೆಗೆ ಉಕಾರ ಅಂಟಿಸುವುದು ಎಲ್ಲಕ್ಕಿಂತ ಹೆಚ್ಚು: 'ಲೆಫ್ಟು', 'ರೈಟು', 'ಫ್ಲೈಟು'. ಮಾತೃಭಾಷೆ ಹೀಗೆ ಹೊರಗೆ ಬರುವುದರಲ್ಲಿ ನಾಚಿಕೆ ಏನೂ ಇಲ್ಲ. ಆದರೆ ಗದ್ದಲದ ರೇಡಿಯೊದಲ್ಲಿ ಒಂದು ಸ್ವರ ಹೆಚ್ಚಾದರೂ ಕೇಳುವವನಿಗೆ ಗೊಂದಲ.

ಈ ಕಾರಣಕ್ಕೇ ವಿಮಾನಯಾನದಲ್ಲಿ ಅಂಕಿಗಳಿಗೂ ಬೇರೆ ಉಚ್ಚಾರಣೆ ಇದೆ. ಮೂರಕ್ಕೆ 'ಟ್ರೀ', ನಾಲ್ಕಕ್ಕೆ 'ಫೋ-ಅರ್', ಐದಕ್ಕೆ 'ಫೈಫ್', ಒಂಬತ್ತಕ್ಕೆ 'ನೈನರ್', ಸಾವಿರಕ್ಕೆ 'ಟೌಸಂಡ್'. ಅಕ್ಷರಗಳಿಗೆ ಆಲ್ಫಾ, ಬ್ರಾವೊ, ಚಾರ್ಲಿ, ಡೆಲ್ಟಾ ಎಂದು ಕೊನೆಯ ಝುಲುವರೆಗೆ. ಧ್ವನಿ ಪರೀಕ್ಷೆಯಲ್ಲಿ ಇದನ್ನು ಕೇಳಲೇಬೇಕೆಂದಿಲ್ಲ, ಆದರೆ ನಾಲಿಗೆ ಪಳಗಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ರಸ್ತೆಯಲ್ಲಿ ಕಂಡ ಪ್ರತಿ ಗಾಡಿಯ ನಂಬರನ್ನೂ ಹೀಗೆ ಓದಿ. ಕೆಎ 34 ಕಂಡರೆ 'ಕಿಲೋ ಆಲ್ಫಾ ಟ್ರೀ ಫೋ-ಅರ್'. ಬಳ್ಳಾರಿಯ ರಾಯಲ್ ಸರ್ಕಲ್‌ನಲ್ಲಿ ಹತ್ತು ನಿಮಿಷ ನಿಂತರೆ ಒಂದು ಪಾಠ ಮುಗಿಯುತ್ತದೆ.

ಬೇಕಾದ ಉಪಕರಣ ಮೊಬೈಲಿನ ರೆಕಾರ್ಡರ್ ಒಂದೇ. ಒಂದು ಪ್ಯಾರಾ ಓದಿ ರೆಕಾರ್ಡ್ ಮಾಡಿ, ಮರುದಿನ ಫ್ಯಾನ್ ಜೋರಾಗಿ ಹಾಕಿ ಕೇಳಿ. ಆ ಸದ್ದಿನಲ್ಲಿ ಅರ್ಥವಾಗದ ಪದಗಳನ್ನು ಗುರುತು ಹಾಕಿ, ಅವನ್ನಷ್ಟೇ ತಿದ್ದಿ. ಮೂರು ತಿಂಗಳು ಬೇಕು, ಮೂರು ದಿನದಲ್ಲಿ ಆಗದು. ತೊದಲುವಿಕೆ ಇದ್ದವರು ಮುಚ್ಚಿಡದೆ ಬೇಗ ಸ್ಪೀಚ್ ಥೆರಪಿಸ್ಟ್ ಬಳಿ ಹೋಗಿ.

ವೇಗವಾಗಿ ಮಾತಾಡಿದರೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂದು ತೋರುತ್ತದೆ ಎಂಬ ನಂಬಿಕೆ ಬಿಡಿ. ಗಡಿಬಿಡಿಯಲ್ಲಿ ಆಡಿದ ಮಾತಿನಿಂದ ಏನಾಗಬಹುದು ಎಂಬುದಕ್ಕೆ ಈ ವೃತ್ತಿಯಲ್ಲಿ ಕಹಿ ಪಾಠಗಳಿವೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಎರಡು ಜಂಬೊ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಟವರ್ ಮತ್ತು ವಿಮಾನಗಳ ನಡುವಿನ ಅಸ್ಪಷ್ಟ ಮಾತು ಅದರ ಕಾರಣಗಳಲ್ಲಿ ಒಂದು. ಟೇಕಾಫ್ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟ ಅನುಮತಿ ರದ್ದು ಮಾಡುವಾಗ ಮಾತ್ರ ಬಳಸಬೇಕು ಎಂಬ ನಿಯಮ ಅದರ ನಂತರ ಬಿಗಿಯಾಯಿತು.

ಹಂತ 8: ಮಾದಕ ಪರೀಕ್ಷೆ, ಮಾನಸಿಕ ಪರೀಕ್ಷೆ, ಅಧಿಕೃತ ಮೆಡಿಕಲ್

ಮೂತ್ರದ ಮಾದರಿಯಲ್ಲಿ ಗಾಂಜಾ, ಅಫೀಮಿನ ಅಂಶ, ಕೆಲವು ನಿದ್ರೆ ಮಾತ್ರೆ ಮುಂತಾದವನ್ನು ಹುಡುಕುತ್ತಾರೆ. ಸಿಕ್ಕರೆ ಆಯ್ಕೆ ಅಲ್ಲಿಗೇ ಮುಗಿಯಿತು. ಹಬ್ಬದಲ್ಲಿ, ಜಾತ್ರೆಯಲ್ಲಿ ಗೆಳೆಯರು ಕೊಟ್ಟ ಭಂಗಿಯೂ ಗಾಂಜಾದ್ದೇ ಜಾತಿ. ಅದು ದೇಹದಲ್ಲಿ ಒಂದೆರಡು ದಿನಕ್ಕೆ ಕರಗಿಹೋಗುವುದಿಲ್ಲ. ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಅಫೀಮಿನ ಗುಂಪಿನಲ್ಲಿ ತೋರುತ್ತದೆ. ಮೆಡಿಕಲ್ ಶಾಪಿನವರು ಕೈಗೆ ಕೊಟ್ಟದ್ದನ್ನು ಕುಡಿಯಬೇಡಿ, ವೈದ್ಯರು ಬರೆದ ಚೀಟಿ ಇಟ್ಟುಕೊಳ್ಳಿ, ಮಾದರಿ ಕೊಡುವ ಮೊದಲೇ ತಿಳಿಸಿ.

ಮಾನಸಿಕ ಪರೀಕ್ಷೆಗೆ ಉತ್ತರ ಬಾಯಿಪಾಠ ಮಾಡಬೇಡಿ. ಒಂದೇ ಸಂಗತಿಯನ್ನು ಬೇರೆಬೇರೆ ಮಾತಿನಲ್ಲಿ ಕೇಳುತ್ತಾರೆ, ಕಟ್ಟಿದ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ.

ಮೆಡಿಕಲ್‌ಗೆ ಹೋಗುವಾಗ ಇರುವ ಕನ್ನಡಕದ ಜೊತೆ ಇನ್ನೊಂದು ಜೋಡಿ ಒಯ್ಯಿರಿ. ಹಿಂದಿನ ವಾರ ಡಿಜೆ ಸದ್ದಿನ ಮದುವೆಗಳಿಂದ ದೂರ ಇರಿ, ಕಿವಿಯ ಗುಗ್ಗೆಯನ್ನು ವೈದ್ಯರಿಂದಲೇ ತೆಗೆಸಿ. ಮೊದಲ ಹಂತವನ್ನು ಮಾಡಿದ್ದವರಿಗೆ ಇಲ್ಲಿ ಹೊಸದೇನೂ ಇರುವುದಿಲ್ಲ.

ಹಂತ 9: ಬಾಂಡ್, ತರಬೇತಿ, ರೇಟಿಂಗ್

ಈಚಿನ ನೇಮಕಾತಿಗಳಲ್ಲಿ ವೇತನಶ್ರೇಣಿ 40,000 ರೂಪಾಯಿಯಿಂದ 1,40,000. ತರಬೇತಿ ಮುಗಿದ ಮೇಲೆ ಮೂರು ವರ್ಷ ದುಡಿಯುತ್ತೇನೆ ಎಂದು 7 ಲಕ್ಷ ರೂಪಾಯಿಯ ಬಾಂಡ್ ಬರೆದುಕೊಡಬೇಕು. ಅದಕ್ಕೆ ಜಾಮೀನುದಾರರ ಸಹಿ ಬೇಕಾಗುತ್ತದೆ. ಆಫರ್ ಲೆಟರ್ ಬಂದ ಮೇಲೆ ಸಂಬಂಧಿಕರ ಮನೆಬಾಗಿಲು ತಟ್ಟುವ ಬದಲು ಫಲಿತಾಂಶ ಬಂದ ದಿನವೇ ಮಾತಾಡಿಡಿ.

ಪ್ರಯಾಗರಾಜ್‌ನ ಬಮ್ರೌಲಿಯಲ್ಲಿರುವ ನಾಗರಿಕ ವಿಮಾನಯಾನ ತರಬೇತಿ ಕಾಲೇಜು, ಹೈದರಾಬಾದ್ ಮತ್ತು ಗೊಂದಿಯಾದ ಕೇಂದ್ರಗಳಲ್ಲಿ ತರಬೇತಿ ನಡೆಯುತ್ತದೆ. ವಾಯುಪ್ರದೇಶದ ನಿಯಮ, ಹವಾಮಾನ, ದಿಕ್ಸೂಚನೆ, ರೇಡಿಯೊ ಮಾತು, ಆಮೇಲೆ ಸಿಮ್ಯುಲೇಟರ್. ಪಾಠಕ್ಕಿಂತ ಸಿಮ್ಯುಲೇಟರ್‌ನಲ್ಲಿ ಸೋಲುವವರು ಹೆಚ್ಚು ಎಂದು ಅಲ್ಲಿಂದ ಬಂದ ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ. ಆದ್ದರಿಂದ ಹೋಗುವ ಮೊದಲೇ ಬಾಯಿಲೆಕ್ಕ ಪಳಗಿಸಿ.

ಒಂದು ಮಾದರಿ: ವಿಮಾನವೊಂದು 480 ನಾಟ್ (ಗಂಟೆಗೆ 480 ನಾಟಿಕಲ್ ಮೈಲಿ) ವೇಗದಲ್ಲಿದ್ದರೆ ನಿಮಿಷಕ್ಕೆ 8 ನಾಟಿಕಲ್ ಮೈಲಿ ಸಾಗುತ್ತದೆ. ಒಂದು ಬಿಂದುವಿಗೆ ಅದು 60 ಮೈಲಿ ದೂರದಲ್ಲಿದೆ. ಇನ್ನೊಂದು ವಿಮಾನ 320 ನಾಟ್ ವೇಗದಲ್ಲಿ ಅದೇ ಬಿಂದುವಿಗೆ 40 ಮೈಲಿ ದೂರದಲ್ಲಿದೆ. ಎರಡೂ ಒಂದೇ ಎತ್ತರದಲ್ಲಿದ್ದರೆ ಏನಾಗುತ್ತದೆ? ಎರಡೂ ಏಳೂವರೆ ನಿಮಿಷಕ್ಕೆ ಅದೇ ಜಾಗಕ್ಕೆ ಬರುತ್ತವೆ. ಒಂದನ್ನು ಸಾವಿರ ಅಡಿ ಮೇಲೆ ಅಥವಾ ಕೆಳಗೆ ಕಳಿಸಬೇಕು, ಇಲ್ಲವೇ ದಿಕ್ಕು ತಿರುಗಿಸಬೇಕು. ಇದನ್ನು ಪೆನ್ನಿಲ್ಲದೆ, ಇನ್ನೊಬ್ಬ ಪೈಲಟ್ ಕಿವಿಯಲ್ಲಿ ಮಾತಾಡುತ್ತಿರುವಾಗ ಮಾಡಬೇಕು. ಇಂಥ ಹತ್ತು ಲೆಕ್ಕ ದಿನವೂ ಮಾಡಿ, ಹಿಂದೆ ರೇಡಿಯೊ ಸುದ್ದಿ ಹಾಕಿಕೊಂಡು ಮಾಡಿ. ಕೈಗಡಿಯಾರದ ಸಮಯದಿಂದ ಐದೂವರೆ ತಾಸು ಕಳೆದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆಗಿರುವ ಸಮಯ) ಹೇಳುವುದನ್ನೂ ರೂಢಿಸಿಕೊಳ್ಳಿ, ಅಲ್ಲಿ ಎಲ್ಲ ಸಮಯವೂ ಅದರಲ್ಲೇ.

ಪೈಲಟ್ ನಿಮ್ಮ ಮಾತನ್ನು ತಿರುಗಿ ಹೇಳುವುದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. ಅದನ್ನು ಕಿವಿಗೊಟ್ಟು ಕೇಳಿ ತಪ್ಪಿದ್ದರೆ ತಿದ್ದುವುದು ಕಂಟ್ರೋಲರ್‌ನ ಕೆಲಸದ ಅರ್ಧ ಭಾಗ. ಇಬ್ಬರು ಗೆಳೆಯರು ಕೂತು ಮನೆಯಲ್ಲೇ ಅಭ್ಯಾಸ ಮಾಡಬಹುದು. ಒಬ್ಬರು ಎತ್ತರ, ದಿಕ್ಕು, ರನ್‌ವೇ ಹೇಳಬೇಕು. ಇನ್ನೊಬ್ಬರು ತಿರುಗಿ ಹೇಳುವಾಗ ಬೇಕೆಂದೇ ಒಂದು ಅಂಕಿ ತಪ್ಪಿಸಬೇಕು. ಹಿಡಿಯಲು ಆಗುತ್ತದೆಯೇ ನೋಡಿ.

ತರಬೇತಿ ಮುಗಿದು ನಿಲ್ದಾಣಕ್ಕೆ ಹೋದ ಕೂಡಲೇ ಮೈಕ್ ನಿಮ್ಮ ಕೈಗೆ ಬರುವುದಿಲ್ಲ. ಹಿರಿಯ ಕಂಟ್ರೋಲರ್ ಪಕ್ಕದಲ್ಲಿ ಕೂತು ನಿಜವಾದ ವಿಮಾನಗಳ ಮೇಲೆ ಕಲಿಯಬೇಕು, ಆಮೇಲೆ ಪರೀಕ್ಷೆ ಪಾಸಾಗಿ ರೇಟಿಂಗ್, ಅಂದರೆ ಸ್ವತಂತ್ರವಾಗಿ ಕೆಲಸ ಮಾಡುವ ಅರ್ಹತೆ, ಪಡೆಯಬೇಕು. ಟವರ್‌ಗೆ ಒಂದು, ಅಪ್ರೋಚ್‌ಗೆ (ನಿಲ್ದಾಣದ ಸುತ್ತ ಬರುವ, ಹೋಗುವ ವಿಮಾನಗಳು) ಒಂದು, ಏರಿಯಾ ಕಂಟ್ರೋಲ್‌ಗೆ (ದಾರಿಯ ಮಧ್ಯದಲ್ಲಿರುವ ವಿಮಾನಗಳು) ಇನ್ನೊಂದು. ಒಂದು ನಿಲ್ದಾಣದಲ್ಲಿ ಪಡೆದ ರೇಟಿಂಗ್ ಇನ್ನೊಂದು ಕಡೆ ನಡೆಯುವುದಿಲ್ಲ. ವರ್ಗವಾದರೆ ಹೊಸ ಜಾಗದ ನಕ್ಷೆ, ರನ್‌ವೇ, ದಾರಿಗಳನ್ನು ಮೊದಲಿನಿಂದ ಕಲಿತು, ಅಲ್ಲಿನ ಹಿರಿಯರ ಪಕ್ಕದಲ್ಲಿ ಮತ್ತೆ ಕೂರಬೇಕು.